ಆ ಹುಡುಗನನ್ನು ಶಾಲೆಗೆ ವಾಪಸ್ ಕರೆಸಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನಾನು ಪೆಟ್ಟು ತಿಂದ ಹುಡುಗನ ತಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುವಾಗ, ಇವಳು ಹೊಡೆದವನ ಕಡೆಯವಳು ಅಂತ ನಿಮಗೆ ಅನ್ನಿಸಬಹುದು. ನನ್ನ ಮಗನ ಹುಬ್ಬಿನ ಮೇಲೆ ಏಳು ಹೊಲಿಗೆ ಬಿದ್ದಿವೆ. ಇನ್ನು ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು ಅಂತ ಡಾಕ್ಟರು ಹೇಳಿದರು. ಆ ಮಾತು ಈಗಲೂ ರಾತ್ರಿ ಎಚ್ಚರವಾದಾಗ ಕಿವಿಯಲ್ಲಿ ಕೇಳಿಸುತ್ತದೆ.

ಎಂಟನೇ ಕ್ಲಾಸಿನ ಮಕ್ಕಳು ನೀರಿನ ನಲ್ಲಿ ಹತ್ತಿರ ಸಾಲಿನಲ್ಲಿ ನಿಂತಿದ್ದರು. ನೂಕಾಟ ಆಯಿತು. ನನ್ನ ಮಗ ಆ ಹುಡುಗನ ಅಮ್ಮನ ಬಗ್ಗೆ ಏನೋ ಅಂದ. ಅವನು ಕೈಯಲ್ಲಿದ್ದ ಸ್ಟೀಲ್ ಬಾಟಲಿಯಿಂದ ಬಾರಿಸಿದ. ಏನು ಅಂದಿದ್ದೆ ಅಂತ ಮಗ ನನಗೆ ಹೇಳಿದ್ದು ಎಂಟು ದಿನ ಕಳೆದ ಮೇಲೆ, ಅಳುತ್ತಾ. ಆ ಹುಡುಗನ ತಾಯಿ ತೀರಿಕೊಂಡು ಆಗಿನ್ನೂ ಏಳು ತಿಂಗಳು. ಮಗ ಆಡಿದ ಮಾತನ್ನು ಇಲ್ಲಿ ಬರೆಯಲು ನನಗೆ ಕೈ ಬರುತ್ತಿಲ್ಲ.

ಆದರೆ ಆ ಎಂಟು ದಿನದೊಳಗೆ ಎಲ್ಲಾ ಮುಗಿದುಹೋಗಿತ್ತು. ಮರುದಿನವೇ ನಾನು ಶಾಲೆಗೆ ಹೋಗಿ ಕೂಗಾಡಿದ್ದೆ. ಅವನು ಈ ಶಾಲೆಯಲ್ಲಿ ಇರಕೂಡದು ಅಂದಿದ್ದೆ. ಹೌದು, ನಾನೇ ಅಂದಿದ್ದೆ. ಮೂರನೇ ದಿನ ಅವನ ಅಪ್ಪನನ್ನು ಕರೆಸಿದರು. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದಿದ್ದ ಮನುಷ್ಯ. ಸೈನ್ ಹಾಕದಿದ್ದರೆ ಪೊಲೀಸ್ ಕೇಸ್ ಆಗುತ್ತದೆ ಅಂದರು. ಅವರು ಹಾಕಿದರು. ಟಿಸಿಯಲ್ಲಿ ಏನಂತ ಇದೆ ಗೊತ್ತೇ? 'ಪೋಷಕರ ಕೋರಿಕೆಯ ಮೇರೆಗೆ.' ಯಾವ ಪೋಷಕರು ಕೋರಿದ್ದರು? ಕಾಲು ಹಿಡಿಯಲು ಬಗ್ಗಿದ್ದ ಆ ಮನುಷ್ಯನನ್ನು ನಾನು ಕಣ್ಣಾರೆ ಕಂಡಿದ್ದೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಎಂಟನೇ ಕ್ಲಾಸ್ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಫೇಲ್ ಮಾಡುವ ವಿಷಯ ಬದಲಾಯಿತು, ಇದು ಬದಲಾಗಲಿಲ್ಲ. ಆಮೇಲೆ ಆ ತಂದೆ ಇನ್ನೊಂದು ಶಾಲೆಗೆ ಹೋದರು. ವರ್ಷದ ಮಧ್ಯೆ ಸೇರಿಸಿಕೊಳ್ಳುವುದಿಲ್ಲ ಅಂದರು. ತಡವಾಗಿ ಬಂದರೂ ಸೇರಿಸಿಕೊಳ್ಳಲೇಬೇಕು ಅಂತ ಅದೇ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಹದಿನಾಲ್ಕು ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತಲೂ ಕಾನೂನಿದೆ. ಹೋದ ವಾರ ನಾನು ಅವನನ್ನು ಒಂದು ಗ್ಯಾರೇಜಿನಲ್ಲಿ ನೋಡಿದೆ. ಟೈರ್ ಉರುಳಿಸಿಕೊಂಡು ಹೋಗುತ್ತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ. ಹದಿಮೂರು ವರ್ಷದ ಹುಡುಗ.

ಅವನನ್ನು ಶಾಲೆಗೆ ವಾಪಸ್ ಕರೆಸಿ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಅವನಿಗೆ ಬುದ್ಧಿ ಹೇಳಬೇಡಿ, ಸುಮ್ನೆ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅವನು ಮಾಡಿದ್ದು ತಪ್ಪು. ನನ್ನ ಮಗ ಆಡಿದ್ದೂ ತಪ್ಪು. ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸುವವರು ಯಾರಾದರೂ ಇರಬೇಕಿತ್ತು, ಅಲ್ವಾ? ನಾನೂರು ಮಕ್ಕಳಿರುವ ನಮ್ಮ ಶಾಲೆಯಲ್ಲಿ ಅಂಥವರು ಒಬ್ಬರೂ ಇಲ್ಲ. ಜೂನ್‌ನಿಂದಲೂ ಆ ಹುಡುಗ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದ, ಯಾರ ಜೊತೆಗೂ ಮಾತಿರಲಿಲ್ಲ ಅಂತ ಗಣಿತದ ಟೀಚರ್ ನನಗೆ ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಒಂದು ಕ್ಲಾಸಿನಲ್ಲಿ ಐವತ್ತೆಂಟು ಮಕ್ಕಳು, ಅದರ ಮೇಲೆ ಸಮೀಕ್ಷೆ, ತರಬೇತಿ, ಆನ್‌ಲೈನ್ ಎಂಟ್ರಿ. ಇಂಥ ಮಗುವನ್ನು ನೋಡಿದರೆ ಯಾರ ಹತ್ತಿರ ಕಳಿಸಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ.

ನಾನು ಎರಡು ವರ್ಷದಿಂದ ನಮ್ಮ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯೆ. ನಮ್ಮ ಶಾಲೆಗೆ ಒಬ್ಬ ಆಪ್ತ ಸಮಾಲೋಚಕರನ್ನು ಕೊಡಿ ಅಂತ ಮೂರು ಸಲ ಠರಾವು ಮಾಡಿ ಕಳಿಸಿದ್ದೇವೆ. ಮೂರು ಸಲವೂ ಒಂದೇ ಉತ್ತರ: 'ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ನಿಯಮವೇ ಬೇಕಾದರೆ ನಿಯಮವೂ ಇದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನೋಡಿ. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಎಲ್ಲಾ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ತರಬೇತಿ ಆಗಬೇಕು. ಕಾನೂನು ಬರುವವರೆಗೆ ಈ ಮಾರ್ಗಸೂಚಿಯನ್ನೇ ಪಾಲಿಸಬೇಕು ಅಂತಲೂ ಕೋರ್ಟ್ ಹೇಳಿದೆ. ನಾಲ್ಕನೇ ಠರಾವಿಗೆ ಆ ತೀರ್ಪಿನ ಪ್ರತಿಯನ್ನೂ ಲಗತ್ತಿಸಿದ್ದೆ. ಅದಕ್ಕೆ ಈವರೆಗೆ ಉತ್ತರವೇ ಇಲ್ಲ.

ಜಗಳ ಆದ ಹದಿನೈದೇ ದಿನಕ್ಕೆ ಸಿಸಿಟಿವಿ ಮಾತ್ರ ಬಂತು. ಸಚಿವರೇ, ಕ್ಯಾಮೆರಾಕ್ಕೆ ಸಿಕ್ಕ ಹಣ ಒಬ್ಬ ಮನುಷ್ಯನಿಗೆ ಯಾಕೆ ಸಿಗಲಿಲ್ಲ? ಆ ಕ್ಯಾಮೆರಾ ಈಗ ನಲ್ಲಿಯ ಕಡೆಗೇ ಮುಖ ಮಾಡಿದೆ. ಜೂನ್‌ನಿಂದ ಡೆಸ್ಕಿನ ಮೇಲೆ ಮಲಗಿದ್ದ ಹುಡುಗನನ್ನು ಅದಾದರೂ ಕೇಳುತ್ತಿತ್ತೇ, ಏನಾಯ್ತಪ್ಪಾ ಅಂತ?

ನಾವು ಊರಿನವರೂ ಕೇಳಲಿಲ್ಲ. ಇದನ್ನು ಮುಚ್ಚಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. ಅವನ ತಾಯಿಯ ತಿಥಿಗೆ ಹೋಗಿ ಬಂದವರು ನಾವು. ಆಮೇಲೆ ಆ ಮನೆಯ ಬಾಗಿಲು ಯಾರೂ ತಟ್ಟಲಿಲ್ಲ. ಅಪ್ಪ ರಾತ್ರಿ ಕೆಲಸಕ್ಕೆ ಹೋದರೆ ಹುಡುಗ ಒಬ್ಬನೇ ಇರುತ್ತಾನೆ ಅಂತ ಇಡೀ ಬೀದಿಗೆ ಗೊತ್ತಿತ್ತು. ಶಾಲೆಯ ಗೋಡೆಯ ಮೇಲೆ 1098 ಅಂತ ಮಕ್ಕಳ ಸಹಾಯವಾಣಿ ನಂಬರ್ ದೊಡ್ಡದಾಗಿ ಬರೆದಿದೆ. ನಾನು ದಿನಾ ಅದರ ಮುಂದೆಯೇ ಓಡಾಡುತ್ತೇನೆ. ಒಂದು ಸಲವೂ ಫೋನ್ ಮಾಡಲಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಬೀದಿದೀಪ ಎಲ್ಲಾ ಚರ್ಚೆ ಆಯಿತು. ಯಾವ ಮಗು ಬೇಜಾರಲ್ಲಿದೆ ಅಂತ ನಾವು ದೊಡ್ಡವರು ಒಬ್ಬರೂ ಕೇಳಲಿಲ್ಲ.

ಈಗ ನಾವು ನಾಲ್ಕು ಜನ ತಾಯಂದಿರು ಸೇರಿ ದಿನಾ ಸಂಜೆ ಅವನ ಮನೆಗೆ ಹೋಗಿ ಬರುತ್ತಿದ್ದೇವೆ. ಮೊದಲ ಸಲ ನನ್ನ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಇಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನು ಹುಬ್ಬಿನ ಕಡೆ ಕೈ ತೋರಿಸಿ, ನೋಯುತ್ತಾ ಅಂತ ಕೇಳಿದ. ಇಂಥ ಮಗುವನ್ನು ನಾವು ರೌಡಿ ಅಂತ ಕರೆದೆವು, ಸಚಿವರೇ. ನನ್ನ ಬಾಯಲ್ಲೂ ಆ ಮಾತು ಬಂದಿತ್ತು.

ನಮ್ಮ ಕೈಲಾದದ್ದನ್ನು ನಾವು ಮಾಡುತ್ತೇವೆ. ಟಿಸಿ ರದ್ದು ಮಾಡುವುದು ನಮ್ಮ ಕೈಲಿಲ್ಲ, ನಿಮ್ಮ ಕೈಲಿದೆ. ಸಮಾಲೋಚಕರ ಹುದ್ದೆ ಮಂಜೂರು ಮಾಡುವುದೂ ನಿಮ್ಮ ಕೈಲೇ ಇದೆ. ಪ್ರತಿ ಶಾಲೆಗೂ ಈ ವರ್ಷವೇ ಒಬ್ಬೊಬ್ಬರು ಆಗುವುದಿಲ್ಲ ಅಂದರೆ, ಎರಡು ಮೂರು ಶಾಲೆಗೆ ಒಬ್ಬರನ್ನಾದರೂ ಕೊಟ್ಟು ಶುರು ಮಾಡಿ. ತಾಲೂಕು ಆಸ್ಪತ್ರೆಯ ಹದಿಹರೆಯದವರ ಕ್ಲಿನಿಕ್ಕಿಗೂ ಶಾಲೆಗೂ ಒಂದು ದಾರಿ ಮಾಡಿಕೊಡಿ. 'ಪೋಷಕರ ಕೋರಿಕೆ' ಅಂತ ಬರೆದು ಹೊರಗೆ ಕಳಿಸಿದ ಮಕ್ಕಳು ಎಷ್ಟು ಜನ ಅಂತ ಪ್ರತಿ ಶಾಲೆಯ ದಾಖಲೆ ತರಿಸಿ ನೋಡಿ.

ಇದಕ್ಕೆಲ್ಲಾ ಸಮಯ ಬೇಕು ಅಂತ ನೀವು ಹೇಳಬಹುದು. ಸರಿ, ತೆಗೆದುಕೊಳ್ಳಿ. ಆದರೆ ಆ ಹುಡುಗನಿಗೆ ಸಮಯ ಇಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ. ಅದಕ್ಕೆ ಮೊದಲು ಅವನು ಗ್ಯಾರೇಜಿನಿಂದ ಕ್ಲಾಸಿಗೆ ಬರಬೇಕು. ಒಂದು ಆದೇಶ ಸಾಕು. ಅವನನ್ನು ವಾಪಸ್ ಕರೆಸಿ.

ಇಂತಿ,
ಎಂಟನೇ ಕ್ಲಾಸಿನ ಹುಡುಗನ ತಾಯಿ, ಎಸ್‌ಡಿಎಂಸಿ ಸದಸ್ಯೆ