ಗ್ಯಾಸ್ ಸೆನ್ಸರ್ ಎಲ್ಲಿ ಹಾಕ್ಬೇಕು ಅಂತಾನೂ ಹೇಳಿ

ಸಂಪಾದಕರಿಗೆ ನಮಸ್ಕಾರ,

ಗ್ಯಾಸ್ ಸೆನ್ಸರ್ ತಗೊಳ್ಳಿ ಅಂತ ಎಲ್ರೂ ಹೇಳ್ತಾರೆ, ಎಲ್ಲಿ ಹಾಕ್ಬೇಕು ಅಂತ ಯಾರೂ ಹೇಳಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದ ಹತ್ರಾನೇ ಸೇರ್ಕೊಳ್ಳುತ್ತೆ, ಸೆನ್ಸರ್‌ನ ಸೀಲಿಂಗ್‌ಗೆ ಹೊಡೆಸಿದ್ರೆ ಅದು ಕೂಗೋ ಹೊತ್ತಿಗೆ ತಡ ಆಗಿರುತ್ತೆ. ಪೈಪಲ್ಲಿ ಬರೋ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಮೇಲೇನೇ ಸರಿ. ಇನ್ನು ಕಾರ್ಬನ್ ಮಾನಾಕ್ಸೈಡ್, ಅಂದ್ರೆ ಬೆಂಕಿ ಸರಿಯಾಗಿ ಉರೀದೇ ಇದ್ದಾಗ ಹುಟ್ಟೋ ವಿಷಾನಿಲ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಅದಕ್ಕೆ ಬೇರೇನೇ ಸೆನ್ಸರ್ ಬೇಕು, ಎಲ್‌ಪಿಜಿದು ಇದೆಯಲ್ಲ ಅಂತ ಸುಮ್ನೆ ಕೂರೋ ಹಾಗಿಲ್ಲ.

ಟೆಸ್ಟ್ ಬಟನ್ ಒತ್ತಿದಾಗ ಕೂಗ್ತು ಅಂದ್ರೆ ಕರೆಂಟು, ಬಝರ್ ಸರಿ ಇದೆ ಅಂತ ಅಷ್ಟೇ, ಬಹಳಷ್ಟು ಮಾಡೆಲ್‌ಗಳಲ್ಲಿ ಒಳಗಿನ ಸೆನ್ಸರ್ ಗ್ಯಾಸ್ ಹಿಡಿಯುತ್ತೋ ಇಲ್ವೋ ಅದರಿಂದ ಗೊತ್ತಾಗಲ್ಲ. ಸೆನ್ಸರ್‌ಗೂ ಆಯಸ್ಸಿದೆ ಸ್ವಾಮಿ! ಬದಲಾಯಿಸೋ ತಾರೀಖನ್ನ ಮುಂದೇನೇ ದೊಡ್ಡದಾಗಿ ಹಾಕ್ಬೇಕು ಅಂತ ನಿಯಮ ಬರ್ಲಿ.

ನೀರಲ್ಲಿ ಕರಗಿರೋ ಲವಣಾಂಶ ಎಷ್ಟು ಅಂತ ನಂಬರ್ ತೋರಿಸೋ ಟಿಡಿಎಸ್ ಮೀಟರ್ ಹಣೆಬರಹಾನೂ ಇಷ್ಟೇ, ಅದು ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ, ಬ್ಯಾಕ್ಟೀರಿಯಾ, ಆರ್ಸೆನಿಕ್, ಕೀಟನಾಶಕ ಇದೆಯಾ ಅಂತ ಅದಕ್ಕೆ ಗೊತ್ತೇ ಆಗಲ್ಲ. ನಂಬರ್ ಕಮ್ಮಿ ತೋರಿಸಿ ನೀರು ಶುದ್ಧ ಅಂತ ನಂಬಿಸೋರ ಬಗ್ಗೆ ನಿಮ್ಮ ಪತ್ರಿಕೆ ಒಂದು ಲೇಖನ ಮಾಡ್ಲಿ.

ಇಂತಿ,
ಒಬ್ಬ ಓದುಗ