ದೋತಾರದ ದನಿಯೂ ಕೇಳಲಿ

ಮಾನ್ಯರೇ,

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಬಂಗಾಳಿ ಹುಡುಗ ಮೊನ್ನೆ ತನ್ನ ಚೊಚ್ಚಲ ಆಲ್ಬಂ ಕೇಳಿಸಿದ. ಬಂಗಾಳದ ಅಲೆಮಾರಿ ಸಂತಗಾಯಕರ ಬಾವುಲ್ ಹಾಡುಗಳಿಗೆ ಗಿಟಾರ್, ಡ್ರಮ್ಸ್, ಸ್ಯಾಕ್ಸೊಫೋನ್ ಜತೆ. ಬಾವುಲ್ ಸಂತಕವಿ ಲಾಲನ್ ಫಕೀರರ ಪದ ಶುರುವಾದಾಗ, ಭಾಷೆ ತಿಳಿಯದಿದ್ದರೂ ಕಣ್ಣು ತುಂಬಿತು. ಧಾರವಾಡದ ಕಡೆ ನಮ್ಮಜ್ಜ ಏಕತಾರಿ ಮೀಟುತ್ತ ಹಾಡುತ್ತಿದ್ದ ಶಿಶುನಾಳ ಶರೀಫರ ತತ್ವಪದಗಳೇ ನೆನಪಾದವು. ಶರೀಫರು ತೀರಿಕೊಂಡದ್ದು 1889ರಲ್ಲಿ, ಲಾಲನ್ 1890ರಲ್ಲಿ. ಇಬ್ಬರೂ ಜಾತಿ-ಮತದ ಗೋಡೆ ಒಪ್ಪದವರು.

ಎರಡು ಹಾಡುಗಳಲ್ಲಿ ಮಾತ್ರ ಡ್ರಮ್ಸ್ ಅಬ್ಬರಕ್ಕೆ ಬಾವುಲರ ತಂತಿವಾದ್ಯ ದೋತಾರ ಕೇಳಿಸುವುದೇ ಇಲ್ಲ. ಹೇಳಿದೆ, ಹುಡುಗ ಬೇಸರಿಸಲಿಲ್ಲ, ಬರೆದುಕೊಂಡ.

ಬಾವುಲ್ ಹಾಡು 2008ರಲ್ಲೇ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿದೆ. ಬಡಾವಣೆಗಳ ರಾಜ್ಯೋತ್ಸವ ಸಮಿತಿಯವರು ಈ ಸಲ ಇಂಥ ಹುಡುಗರನ್ನೂ ನಮ್ಮ ತತ್ವಪದಕಾರರನ್ನೂ ಒಂದೇ ವೇದಿಕೆಯಲ್ಲಿ ಹಾಡಿಸಲಿ.

– ನಿವೃತ್ತ ಶಿಕ್ಷಕಿ, ತ್ಯಾಗರಾಜನಗರ, ಬೆಂಗಳೂರು