ಮನೆಯವರು ಕಾಣೆಯಾದರೆ ಮೊದಲ ಗಂಟೆಯಲ್ಲೇ ಮಾಡಬೇಕಾದದ್ದು

ಹಾಸನದ ಬಂಧುಗಳೇ, ದಯವಿಟ್ಟು ಪೂರ್ತಿ ಓದಿ.

ಯಾರಾದರೂ ಕಾಣೆಯಾದರೆ ದೂರು ಕೊಡಲು 24 ಗಂಟೆ ಕಾಯಬೇಕು ಎಂಬ ಮಾತನ್ನು ನಂಬಬೇಡಿ. ಅಂಥ ನಿಯಮವೇ ಇಲ್ಲ. ಮನೆ, ಅಟ್ಟ, ತೋಟ, ಬಾವಿಯ ಸುತ್ತ ಒಮ್ಮೆ ನೋಡಿ, ಕೂಡಲೇ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ. ಮಗು ಕಾಣೆಯಾದ ದೂರಿಗೆ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ.

ಹಾಲು ತರಲು ಹೋದ ನಮ್ಮ ದೊಡ್ಡಪ್ಪ ಮರಳದಿದ್ದ ದಿನ ಪೊಲೀಸರು ಫೋಟೊ ಕೇಳಿದರು. ನಮ್ಮಲ್ಲಿದ್ದದ್ದು ಹತ್ತು ವರ್ಷ ಹಿಂದಿನ, ಮದುವೆಮನೆಯಲ್ಲಿ ಪೇಟ ತೊಟ್ಟ ಚಿತ್ರ. ಅವರು ಹಾಕಿಕೊಂಡಿದ್ದ ಬೂದು ಸ್ವೆಟರ್, ಅದರ ಮೊಣಕೈಗೆ ಹಾಕಿದ್ದ ಕೆಂಪು ತೇಪೆ ನೆನಪಾದದ್ದು ಮೊಮ್ಮಗಳಿಗೆ ಮಾತ್ರ. ಸಂಜೆ ಅರಸೀಕೆರೆ ಜಂಕ್ಷನ್ನಿನಲ್ಲಿ ಚಹಾ ಮಾರುವವರೊಬ್ಬರು ಆ ತೇಪೆಯಿಂದಲೇ ಅವರನ್ನು ಗುರುತಿಸಿದರು. ಹಾಗಾಗಿ ನಿಮ್ಮ ಮನೆಯ ಹಿರಿಯರ ಫೋಟೊ ಇವತ್ತೇ ತೆಗೆದಿಡಿ. ಮರೆವು ಇರುವವರ ಜೇಬಿನಲ್ಲಿ ಮನೆಯ ಮೊಬೈಲ್ ಸಂಖ್ಯೆ ಬರೆದಿಡಿ.

ಎಲ್ಲರೂ ಒಂದೇ ಕಡೆ ಓಡಬೇಡಿ. ಒಬ್ಬರು ಮನೆಯಲ್ಲೇ ಇರಲಿ. ಉಳಿದವರು ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆಯ ತುರ್ತು ವಿಭಾಗ ಹಂಚಿಕೊಳ್ಳಿ. ರೈಲು ಹತ್ತಿ ಹೋಗಿರಬಹುದು ಎನಿಸಿದರೆ ರೈಲ್ವೆ ಸಹಾಯವಾಣಿ 139ಕ್ಕೆ ಹೇಳಿ.

ವಾಟ್ಸಾಪ್ ಗುಂಪಿಗೆ ಹಾಕುವ ಸಂದೇಶದಲ್ಲಿ ದಿನಾಂಕ, ಸಮಯ, ಕೊನೆಯದಾಗಿ ಕಂಡ ಜಾಗ ಇರಲೇಬೇಕು. ‘ನಿಮ್ಮವರು ನಮ್ಮ ಬಳಿ ಇದ್ದಾರೆ, ಹಣ ಕಳುಹಿಸಿ’ ಎಂಬ ಕರೆ ಬಂದರೆ ಹಣ ಹಾಕದೆ ಪೊಲೀಸರಿಗೆ ತಿಳಿಸಿ. ಸಿಕ್ಕ ಮೇಲೆ ‘ಸಿಕ್ಕಿದ್ದಾರೆ’ ಎಂದು ಹಾಕಿ, ಹಳೆಯ ಸಂದೇಶವನ್ನು ಅಳಿಸಿ.